ಕಡೇ ಮನೆಯ ಕೆಂಡ

"ಗುರುಗಳೇ, ಈ ಚಳಿಗಾಲದ ಕತ್ತಲೆಯಲ್ಲಿ ಮೈಯನ್ನೂ ಮನಸ್ಸನ್ನೂ ನೆಟ್ಟಗೆ ಇಟ್ಟುಕೊಳ್ಳುವುದು ಹೇಗೆ?" ಎಂದು ಶಿಷ್ಯ ಗುರುಶಾಂತ ಕೇಳಿದ.

ಪುಷ್ಯ ಮಾಸ. ಬೆಳಿಗ್ಗೆ ಬಹಳ ಹೊತ್ತು ಮಠದ ಸುತ್ತ ಮಂಜು ಕವಿದಿರುತ್ತಿತ್ತು. ಸೂರ್ಯ ಕಂಡರೂ ಬೇಗನೆ ಗುಡ್ಡದ ಹಿಂದೆ ಸರಿದುಬಿಡುತ್ತಿದ್ದ. ಗುರುಶಾಂತ ತನ್ನ ಪಾಡನ್ನೆಲ್ಲ ಹೇಳಿಕೊಂಡ. ಶುಂಠಿ ಕಷಾಯ ಕುಡಿಯುತ್ತಿದ್ದಾನೆ. ಎಳ್ಳೆಣ್ಣೆ ಹಚ್ಚಿಕೊಂಡು ಬಿಸಿನೀರು ಹುಯ್ದುಕೊಳ್ಳುತ್ತಿದ್ದಾನೆ. ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡಿದ್ದಾನೆ. ಕಣ್ಣು ಕಾಣದ ಹಿರಿಯ ಅಜ್ಜನವರಿಗೆ ಸಂಜೆ ಹೊತ್ತು ಪುರಾಣ ಓದಿ ಹೇಳುವ ಕೆಲಸವನ್ನೂ, ಥಂಡಿ ತಗುಲೀತೆಂದು, ಬಿಸಿಲು ಬರುವವರೆಗೆ ಬಿಟ್ಟಿದ್ದಾನೆ. ಇಷ್ಟು ಜೋಪಾನ ಮಾಡಿದರೂ ಅನ್ನ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ.

"ಇನ್ನೂ ಏನು ಮಾಡಬೇಕು, ಹೇಳಿ," ಎಂದ.

ಗುರುಗಳು ಹೊದ್ದ ಕಂಬಳಿಯನ್ನು ಸರಿಮಾಡಿಕೊಂಡು ಕತೆ ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಕಂಬಳಿ ನೇಯುವವನಿದ್ದ. ಊರು ಗುಡ್ಡದ ನೆರಳಿನಲ್ಲಿತ್ತು. ಚಳಿಗಾಲದಲ್ಲಿ ಅಲ್ಲಿ ಹಗಲೆಂಬುದು ಹೊಸ್ತಿಲಲ್ಲೇ ಮಾತಾಡಿಸಿ ಹೋಗುವ ನೆಂಟನ ಹಾಗೆ. ಬೆಂಕಿಕಡ್ಡಿ ಇಲ್ಲದ ಕಾಲ ಅದು. ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುವರು, ಬೆಳಿಗ್ಗೆ ಕೆದಕಿ ಊದುವರು. ಯಾರ ಮನೆಯ ಬೆಂಕಿ ಆರಿತೋ ಅವರು ಒಡೆದ ಗಡಿಗೆಯ ಓಡು ಹಿಡಿದು ಇನ್ನೊಬ್ಬರ ಮನೆಗೆ ಹೋಗಿ ಕೆಂಡ ತರುವರು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ನೇಕಾರನಿಗೆ ಮಾತ್ರ ಜಂಬ. ತನ್ನ ಮನೆಯ ಬೆಂಕಿ ಎಂದೂ ಆರಿದ್ದಿಲ್ಲ, ತಾನು ಯಾರ ಬಾಗಿಲಿಗೂ ಓಡು ಹಿಡಿದು ಹೋದವನಲ್ಲ ಎಂದು ಸಿಕ್ಕವರ ಮುಂದೆಲ್ಲ ಕೊಚ್ಚಿಕೊಳ್ಳುವನು. ಆ ಬೆಂಕಿಯನ್ನು ಕಾಯುತ್ತಿದ್ದವಳು ಹೆಂಡತಿ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಹೆಂಡತಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಮಣ್ಣು ಮಾಡಿ ಬಂದವನು ಒಲೆ ಕೆದಕಿ ನೋಡಿದ. ಅವಳು ಮುಚ್ಚಿಟ್ಟ ಕೆಂಡ ಬೂದಿಯೊಳಗೆ ಇನ್ನೂ ಕೆಂಪಗಿತ್ತು. ಸತ್ತ ಮನೆಯಲ್ಲಿ ಒಲೆ ಉರಿಯಬಾರದು ಎಂದು ಹಿರಿಯರು ಹೇಳಿದರು. ಅವನು ಕೇಳಲಿಲ್ಲ. ಅವಳ ಕೈಯಿಂದ ಬಂದು ಇನ್ನೂ ಜೀವ ಹಿಡಿದಿರುವುದು ಇದೊಂದೇ ಎಂದು ಪುಳ್ಳೆ ಇಟ್ಟು ಊದಿದ.

ಅಂದಿನಿಂದ ಅವನು ಆ ಬೆಂಕಿಯ ಮುಂದಿನಿಂದ ಏಳಲಿಲ್ಲ. ಮನೆಯಲ್ಲಿ ಕಟ್ಟಿಗೆ ಇತ್ತು, ಜೋಳ ಇತ್ತು, ಯಾರ ಹಂಗೂ ಬೇಕಿರಲಿಲ್ಲ. ನೆರೆಯವರು ಬಾಗಿಲು ತಟ್ಟಿದರೆ ಒಳಗಿನಿಂದಲೇ "ಏನೂ ಬ್ಯಾಡ" ಅನ್ನುವನು. ಮಾರ್ಗಶಿರ ಮುಗಿಯುವಷ್ಟರಲ್ಲಿ ತಟ್ಟುವವರೂ ನಿಂತರು. ಮಗ್ಗಕ್ಕೆ ಧೂಳು ಹಿಡಿಯಿತು, ಉಣ್ಣೆಗೆ ನುಸಿ ಬಿತ್ತು. ರೊಟ್ಟಿ ಬಾಯಲ್ಲಿ ಮಣ್ಣಾಯಿತು. ಅಂಗಿ ಮೈಮೇಲೆ ಜೋತಾಡತೊಡಗಿತು. ಇವನು ಯುಗಾದಿ ಕಾಣುವುದಿಲ್ಲ ಎಂದು ಊರವರೇ ಹೋಗಿ ವೈದ್ಯನನ್ನು ಕರೆತಂದರು.

ವೈದ್ಯ ನಾಡಿ ಹಿಡಿದ, ನಾಲಿಗೆ ನೋಡಿದ. ಆಮೇಲೆ ಬಹಳ ಹೊತ್ತು ಒಲೆಯನ್ನೇ ನೋಡಿದ.

"ರಾತ್ರಿ ಮಲಗೂ ಮುಂದ ಈ ಬೆಂಕಿಗೆ ನೀರು ಹಾಕು," ಎಂದ. "ಮುಂಜಾನೆ ಎದ್ದು ಊರ ಕಡೇ ಮನಿ ಮುದುಕಿ ಹತ್ರ ಹೋಗಿ ಕೆಂಡ ತಗೊಂಡು ಬಾ. ದಿನಾ ಹಿಂಗ ಮಾಡು. ಬ್ಯಾರೆ ಔಷಧ ಇಲ್ಲ."

"ಇದು ಆಕಿ ಮುಚ್ಚಿಟ್ಟ ಬೆಂಕಿ ರೀ."

"ಗೊತ್ತೈತಿ. ಅದಕ್ಕ ಹೇಳಾಕತ್ತೀನಿ."

ಅವತ್ತು ತಂಬಿಗೆ ಹಿಡಿದು ಒಲೆಯ ಮುಂದೆ ಕೂತವನಿಗೆ ಕೈಯೇ ಬರಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ನೀರು ಹುಯ್ದ. ಚುಂಯ್ ಎಂದು ಸದ್ದಾಗಿ ಮನೆ ಕತ್ತಲಾಯಿತು. ಹೆಂಡತಿಯನ್ನು ಇನ್ನೊಮ್ಮೆ ಮಣ್ಣು ಮಾಡಿದಂತಾಗಿ ಬಿಕ್ಕಿಬಿಕ್ಕಿ ಅತ್ತ.

ಬೆಳಿಗ್ಗೆ ಓಡು ಹಿಡಿದು ಹೊರಟ. ಆ ಕೊನೆಯ ಮನೆಗೆ ಊರನ್ನೆಲ್ಲ ದಾಟಿ ಹೋಗಬೇಕು. ಮಂಜಿನಲ್ಲಿ ತನ್ನ ಗುರುತು ಯಾರಿಗೂ ಸಿಗದಿರಲಿ ಎಂದು ತಲೆ ತಗ್ಗಿಸಿ ನಡೆದ. ಆದರೂ ಸಿಕ್ಕಿತು. ಕೆಲವರು ಮುಸಿಮುಸಿ ನಕ್ಕರು, ಕೆಲವರು ಆರಾಮೇನಪ್ಪ ಎಂದರು. ಮುದುಕಿಯೋ ಬಾಯಿಬಡುಕಿ. ಅವನನ್ನು ಕಟ್ಟೆಯ ಮೇಲೆ ಕೂರಿಸಿ, ತಾನು ಗೋಡೆ ಹಿಡಿದು ಒಳಗೆ ಹೋಗಿ ಕೆಂಡ ತಂದಳು.

"ಇಷ್ಟೊತ್ತಿಗಾ ಬರೋದು? ನಿನ್ನ ಸಲುವಾಗಿ ಕೆಂಡ ಕಾಯ್ಕೋತ ಕುಂತಿರತೈತೇನು? ನಿನ್ನೆ ಏನು ಉಂಡಿ? ಬರೇ ರೊಟ್ಟಿನಾ? ದಾರ್‍ಯಾಗ ಯಾರು ಸಿಕ್ಕಿದ್ರು? ಯಾರ ಕುರಿ ಈದಾವು?"

ಅವನಿಗೆ ಒಂದಕ್ಕೂ ಉತ್ತರ ತಿಳಿದಿರಲಿಲ್ಲ. ಮರುದಿನ ಬೈಗುಳ ತಪ್ಪಿಸಿಕೊಳ್ಳಲೆಂದು ದಾರಿಯಲ್ಲಿ ನಿಂತು ಅವರಿವರನ್ನು ಕೇಳಿ ತಿಳಿದುಕೊಂಡ. ಏನಾದರೂ ಉಂಡೆ ಎಂದು ಹೇಳಬೇಕಲ್ಲ, ಅದಕ್ಕಾಗಿ ಪಲ್ಯ ಬೇಯಿಸಿದ. ದಿನ ಕಳೆದಂತೆ ನಿದ್ದೆ ಬಂತು. ಮುದುಕಿ ಮೊಣಕಾಲು ತಿಕ್ಕಿಕೊಳ್ಳುವುದನ್ನು ಕಂಡು ಅವಳಿಗೊಂದು ಕಂಬಳಿ ನೇಯೋಣ ಎನ್ನಿಸಿ ಮಗ್ಗದ ಧೂಳು ಕೊಡವಿದ. ಹೆಂಡತಿಯ ನೆನಪು ಹೋಗಲಿಲ್ಲ. ಆದರೆ ಈಗ ಆ ನೆನಪಿನ ಜೊತೆಗೇ ಉಣ್ಣುವುದು, ನೇಯುವುದು ಸಾಧ್ಯವಾಯಿತು.

ಹೀಗಿರುವಾಗ ಒಂದು ಸಂಜೆ ಅವನಿಗೆ ರೊಟ್ಟಿ ರುಚಿಸಿತು. ಎರಡನೆಯ ರೊಟ್ಟಿಗೂ ಕೈ ಹಾಕಿದ. ತನಗೆ ವಾಸಿಯಾಯಿತು ಎಂದುಕೊಂಡ. ಹಳೆಯ ಜಂಬ ಮತ್ತೆ ತಲೆ ಎತ್ತಿತು. ಬೆಂಕಿಗೆ ನೀರು ಹುಯ್ಯಲಿಲ್ಲ, ಬೂದಿ ಮುಚ್ಚಿ ಮಲಗಿದ. ಬೆಳಿಗ್ಗೆ ಹೊರಗೆ ಮಂಜು ದಟ್ಟವಾಗಿತ್ತು, ಒಳಗೆ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಇಂಥ ಚಳಿಯಲ್ಲಿ ಹೋಗಿ ಬೈಸಿಕೊಳ್ಳುವುದೇಕೆ? ಕಂಬಳಿ ಮುಗಿಯಲಿ, ಒಮ್ಮೆಲೇ ಒಯ್ದು ಹೊದಿಸಿ ಅವಳ ಬಾಯಿ ಮುಚ್ಚಿಸೋಣ ಎಂದು ನೇಯುತ್ತ ಕೂತ. ಮರುದಿನವೂ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ.

ಕಂಬಳಿ ಮುಗಿದ ದಿನ ಹೆಗಲ ಮೇಲೆ ಹಾಕಿಕೊಂಡು ಹೋದ. ಮುದುಕಿಯ ಅಂಗಳದಲ್ಲಿ ಜನ ಸೇರಿದ್ದರು.

ಅವನು ಅದುವರೆಗೆ ಆ ಮನೆಯೊಳಗೆ ಕಾಲಿಟ್ಟವನಲ್ಲ. ಈಗ ಇಟ್ಟ. ಮುದುಕಿಯನ್ನು ಗೋಡೆಯ ಪಕ್ಕ ಮಲಗಿಸಿದ್ದರು. ಒಲೆಯಲ್ಲಿ ಕೆಂಡ ಇತ್ತು. ಒಲೆಯ ಮೇಲೆ ಏನೂ ಇರಲಿಲ್ಲ. ಗಡಿಗೆಗಳು ಮೂಲೆಯಲ್ಲಿ ಬೋರಲು ಬಿದ್ದಿದ್ದವು, ಅವುಗಳ ಮೇಲೆ ಜೇಡ ಬಲೆ ಕಟ್ಟಿತ್ತು.

"ಈಕಿ ಅಡಿಗಿ ಎದರಾಗ ಮಾಡ್ತಿದ್ಲು?" ಎಂದು ಪಕ್ಕದ ಮನೆಯವಳನ್ನು ಕೇಳಿದ.

"ಎಲ್ಲಿ ಅಡಿಗಿ?" ಎಂದಳು ಆಕೆ. "ಹೋದ ವರ್ಷದಿಂದ ಗಂಜಿ ನಮ್ಮ ಮನಿಯಿಂದಾನ ಬರ್ತಿತ್ತು. ಹಾಸಿಗಿ ಹಿಡಿದಿದ್ಲು, ಗ್ವಾಡಿ ಕಡೆ ಮಾರಿ ಮಾಡಿ ಮಲಗಾಕಿ. ವೈದ್ಯ ಬಂದು, ಬೆಂಕಿ ಇಲ್ಲದಾಂವ ಒಬ್ಬಾಂವ ದಿನಾ ಕೆಂಡಕ್ಕ ಬರ್ತಾನ, ಕೊಡಬೇ ಯವ್ವಾ ಅಂದ ಮ್ಯಾಲೆ ಎದ್ದು ಒಲಿ ಹಚ್ಚಿದ್ಲು. ನೀ ಬರೂದು ಬಿಟ್ಟ ಮ್ಯಾಲೂ ಆರಸಲಿಲ್ಲ. ಇವತ್ತು ಬರ್ತಾನ, ಇವತ್ತು ಬರ್ತಾನ ಅಂತ ಮಂಜಿನಾಗ ಪುಳ್ಳಿ ಆರಿಸಾಕ ಹೋದ್ಲು. ಥಂಡಿ ಎದಿಗೆ ಇಳೀತು."

ನೇಕಾರ ನೇಯ್ದು ತಂದ ಕಂಬಳಿಯನ್ನು ಮುದುಕಿಗೆ ಹೊದಿಸಿದ. ಅದು ಅವಳ ಜೊತೆಯಲ್ಲೇ ಮಣ್ಣಿಗೆ ಹೋಯಿತು. ಆಮೇಲೆ ಅವಳ ಒಲೆಯಲ್ಲಿ ಉಳಿದಿದ್ದ ಕೆಂಡವನ್ನು ಓಡಿನಲ್ಲಿ ಹಾಕಿಕೊಂಡು ಮನೆಗೆ ನಡೆದ. ದಾರಿಯುದ್ದಕ್ಕೂ ಅವನ ಕಣ್ಣಲ್ಲಿ ನೀರಿತ್ತು.

ಆ ಚಳಿಗಾಲವನ್ನು ಅವನು ದಾಟಿದ. ಆಮೇಲೆ ಎಷ್ಟೋ ಚಳಿಗಾಲ ದಾಟಿದ. ಸುಖವಾಗಿದ್ದನೇ ಎಂದರೆ, ಆ ಮುದುಕಿಯನ್ನು ನೆನೆಯದೆ ಅವನು ಒಂದು ದಿನವೂ ಒಲೆ ಹಚ್ಚಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಬೆಳಿಗ್ಗೆ ಎದ್ದ ಕೂಡಲೇ ಬಾಗಿಲು ತೆರೆದಿಟ್ಟು ಕಾಯುವನು. ಯಾರಾದರೂ ಓಡು ಹಿಡಿದು ಬಂದರೆ, ಇಷ್ಟೊತ್ತಿಗಾ ಬರೋದು ಎಂದು ಬೈಯುವನು.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಸಂಜೆಯಾಗುತ್ತಿತ್ತು, ಮಂಜು ಮತ್ತೆ ಇಳಿಯುತ್ತಿತ್ತು.

"ಆದರೆ ಗುರುಗಳೇ, ನಮ್ಮ ಮಠದಲ್ಲಿ ಬೆಂಕಿಗೇನೂ ಕೊರತೆಯಿಲ್ಲ. ನನಗಾಗಿ ಕೆಂಡ ಕಾಯುವವರು ಇಲ್ಲಿ ಯಾರಿದ್ದಾರೆ?" ಎಂದ ಗುರುಶಾಂತ.

"ಅಜ್ಜನವರಿಗೆ ಕಣ್ಣು ಕಾಣದು, ಆದರೂ ದಿನಾ ಸಂಜೆ ತಮ್ಮ ಕೋಣೆಯಲ್ಲಿ ದೀಪ ಹಚ್ಚಿಸಿಟ್ಟುಕೊಂಡು ಕೂರುತ್ತಾರೆ," ಎಂದರು ಗುರುಗಳು.

ಗುರುಶಾಂತ ಎದ್ದು, ಪುರಾಣದ ಪುಸ್ತಕ ತೆಗೆದುಕೊಂಡು ಅಜ್ಜನವರ ಕೋಣೆಯ ಕಡೆ ನಡೆದ.