ಅಕ್ಷರಗುಡ್ಡಕ್ಕೆ ಆ ಹೆಸರು ಬಂದದ್ದು

ಕಲ್ಲಬ್ಬಿಯ ಹೊಳೆ ದಾಟಿ ಘಟ್ಟದ ಕಡೆಗೆ ಮುಖ ಮಾಡಿ ನಿಂತರೆ ಎದುರಿಗೆ ಕಾಣುವ ಬೋಳುಬಂಡೆಯ ಎತ್ತರವೇ ಅಕ್ಷರಗುಡ್ಡ. ನೆತ್ತಿಯ ಮೇಲೆ ಒಂದೇ ಒಂದು ಸುರಹೊನ್ನೆ ಮರ. ಈ ಸೀಮೆಯಲ್ಲಿ ಇದಕ್ಕಿಂತ ಎತ್ತರದ ಗುಡ್ಡಗಳು ಇಲ್ಲವೆಂದಲ್ಲ. ಇವೆ, ಆದರೆ ಕಲ್ಲಬ್ಬಿಯವರು ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಸರು ಕೇಳಿಕೊಂಡು ಬಂದವರು ಮೊದಲು ಹುಡುಕುವುದು ಶಾಸನವನ್ನು. ಪಂಡಿತರೊಬ್ಬರು ಒಂದು ಬೇಸಿಗೆಯಿಡೀ ಬಂಡೆಯನ್ನು ಉಜ್ಜಿ ತೊಳೆದು ಭೂತಗನ್ನಡಿ ಹಿಡಿದು ನೋಡಿದರಂತೆ. ಬಂಡೆ ಬೆಳ್ಳಗಾಯಿತೇ ಹೊರತು ಒಂದು ಒತ್ತಕ್ಷರವೂ ಸಿಗಲಿಲ್ಲ. ಪಕ್ಕದ ಊರಿನವರು, ಹೊಟ್ಟೆಕಿಚ್ಚಿಗೆ, ಅಲ್ಲಿ ಹಿಂದೆ ಮಠದ ಶಾಲೆಯಿತ್ತು ಎನ್ನುತ್ತಾರೆ. ಮಕ್ಕಳು ಹೋಗಲಿ, ಮೇಕೆ ಕೂರುವಷ್ಟು ಸಮತಟ್ಟಾದ ನೆಲವೂ ಅಲ್ಲಿಲ್ಲ. ನಿಜಸಂಗತಿ ಕಲ್ಲಬ್ಬಿಯವರಿಗೆ ಮಾತ್ರ ಗೊತ್ತು. ಅವರು ಎಂದೂ ಸುಳ್ಳು ಹೇಳುವವರಲ್ಲ. ನಿಜವನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತಾರೆ, ಅಷ್ಟೆ.

ಹಿಂದೆ ಒಮ್ಮೆ, ಹಡಗುಗಳು ಹೊಳೆಯ ಬಾಯಿಯವರೆಗೂ ಬರುತ್ತಿದ್ದ ಕಾಲದಲ್ಲಿ, ಈ ಗುಡ್ಡದ ಬೆನ್ನಿನ ಮೇಲೇ ಘಟ್ಟದ ದಾರಿ ಹಾದುಹೋಗುತ್ತಿತ್ತು. ಏರುವಾಗ ಉಪ್ಪು, ಇಳಿಯುವಾಗ ಮೆಣಸು. ಎರಡನ್ನೂ ಹೊರುತ್ತಿದ್ದವರು ಕಲ್ಲಬ್ಬಿಯ ಹೊರೆಯಾಳುಗಳು. ಅವರ ಮುಂದಾಳು ಜಟ್ಟಿ. ಅವನು ಉಪ್ಪಿನ ಮೂಟೆ ಹೊತ್ತು ಏರಿದರೆ ಮೂಟೆಯ ತೂಕ ಮೇಲೆ ಹೋಗುವಷ್ಟರಲ್ಲಿ ಹೆಚ್ಚಾಗುತ್ತಿತ್ತಂತೆ, ಬೆವರಿನ ಉಪ್ಪೂ ಸೇರಿಕೊಂಡು. ತಂಡದಲ್ಲಿ ಒಂದು ಕಟ್ಟಳೆಯಿತ್ತು. ಮುಂದೆ ನಡೆಯುವ ಮುಂದಾಳು ತನ್ನ ಎಲೆಯಡಿಕೆಯ ಸುಣ್ಣದಲ್ಲಿ ಬೆರಳದ್ದಿ ಯಾವ ಮರಕ್ಕೆ ಗುರುತು ಹಚ್ಚುತ್ತಾನೋ ಅಲ್ಲಿ ಹಿಂದಿನವರೆಲ್ಲ ಹೊರೆ ಇಳಿಸಬೇಕು. ಗುರುತು ದಾಟಿ ಹೋಗುವಂತಿಲ್ಲ, ಮುಂದಾಳು ಏಳುವವರೆಗೆ ಯಾರೂ ಏಳುವಂತಿಲ್ಲ. ಬೋಳುಬಂಡೆಯ ಆ ಏರಿನಲ್ಲಿ ನೆರಳೆಂದರೆ ನೆತ್ತಿಯ ಸುರಹೊನ್ನೆ ಒಂದೇ. ಅದನ್ನು ಮುಟ್ಟುವ ಆಸೆಯಿಂದಲೇ ಕಾಲು ಮೇಲಕ್ಕೆ ಏಳುತ್ತಿತ್ತು. ಜಟ್ಟಿಯ ಅಪ್ಪ, ಅಜ್ಜ ಎಲ್ಲರೂ ಗುರುತು ಹಚ್ಚಿದ್ದು ಆ ಮರಕ್ಕೇ.

ಒಂದು ವರ್ಷ ಚೀನಾದ ಹಡಗೊಂದು ಬಂದಿತು. ಅದರಲ್ಲಿದ್ದ ಫಾನ್ ಎಂಬ ಮೆಣಸಿನ ವ್ಯಾಪಾರಿಗೆ ಬಳ್ಳಿಯ ಮೇಲಿನ ಮೆಣಸನ್ನೇ ಕಣ್ಣಾರೆ ನೋಡಬೇಕೆಂಬ ಹಂಬಲ. ಜಟ್ಟಿಯ ತಂಡದ ಜೊತೆ ಗುಡ್ಡ ಹತ್ತಿದ. ಬಂದರಿನಲ್ಲಿ ಕಲಿತ ಅರೆಬರೆ ಕನ್ನಡ ಅರ್ಧ ಏರಿನಲ್ಲೇ ಮುಗಿದುಹೋಯಿತು, ಉಸಿರೂ ಮುಗಿಯುತ್ತ ಬಂತು. ಸುರಹೊನ್ನೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದವನು ಎಷ್ಟೋ ಹೊತ್ತಿನ ಮೇಲೆ ನಗುತ್ತ ಕಣ್ಣು ತೆರೆದ. ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಏನೋ ಗೀಚಿದ. ಎಡಗಡೆ ಒಂದು ಓರೆಗೆರೆ, ಅದರ ಕೆಳಗೆ ಒಂದು ನೆಟ್ಟಗೆರೆ. ಬಲಗಡೆ ಉದ್ದಕ್ಕೊಂದು, ಅಡ್ಡಕ್ಕೊಂದು, ಅವು ಕೂಡಿದಲ್ಲಿಂದ ಎರಡೂ ಪಕ್ಕಕ್ಕೆ ಇಳಿಬಿಟ್ಟ ಎರಡು ಗೆರೆ.

"ಎಂತದು ಮಾರಾಯಾ ಇದು, ಏಡಿಯಾ?" ಎಂದ ಜಟ್ಟಿ.

"ಏಡಿ ಅಲ್ಲ, ನಾನು," ಎಂದು ಫಾನ್ ದಣಿವಾರಿ ಮರಳಿ ಬಂದ ನಾಲ್ಕು ಮಾತು ಹೆಕ್ಕುತ್ತ ಎಡಗಡೆಯ ಗೆರೆಗಳನ್ನು ತೋರಿಸಿದ. "ಇದು ಮನುಷ್ಯ. ಇದು ಮರ. ಮನುಷ್ಯ ಮರಕ್ಕೆ ಒರಗಿದ. ಶಿಯು."

ಶಿಯು ಎಂದರೆ ವಿಶ್ರಾಂತಿ. ಅವರ ಹಿರಿಯರು ಎಂದೋ ಒಂದು ದಿನ ಮರಕ್ಕೆ ಒರಗಿದ ದಣಿದ ಮನುಷ್ಯನನ್ನು ನೋಡಿ ಅವನ ಚಿತ್ರ ಬರೆದರು. ಬರೆಯುತ್ತ ಬರೆಯುತ್ತ ಮನುಷ್ಯನ ತಲೆ, ಕೈಗಳು ಸವೆದು ಎರಡೇ ಗೆರೆಯಾದವು. ಮರದಲ್ಲಿ ಕಾಂಡ, ಕೊಂಬೆ, ಬೇರು ಮಾತ್ರ ಉಳಿದವು. ಆದರೆ ಒರಗಿದ್ದು ಒರಗಿದಂತೆಯೇ ಇದೆ. ಕೆಲಸ ಮುಗಿದರೆ ಈ ಅಕ್ಷರ, ಗಲಾಟೆ ಸಾಕೆನ್ನಲು ಈ ಅಕ್ಷರ, ಅರಮನೆಯ ಅಧಿಕಾರಿಗಳಿಗೆ ತಲೆಗೆ ನೀರು ಹಾಕಿಕೊಳ್ಳಲು ಕೊಡುವ ಬಿಡುವಿನ ದಿನಕ್ಕೂ ಇದೇ ಅಕ್ಷರ. ಇಷ್ಟನ್ನೂ ಫಾನ್ ಕೈಸನ್ನೆಯಲ್ಲೇ ಹೇಳಿದ ಎನ್ನುತ್ತಾರೆ. ತಲೆಗೆ ನೀರು ಹಾಕಿಕೊಳ್ಳುವುದನ್ನು ತೋರಿಸಲು ಹೋಗಿ ಕುಡಿಯುವ ನೀರಿನ ಕೊಡವನ್ನೇ ಉರುಳಿಸಿದನಂತೆ. ಜಟ್ಟಿ ಮತ್ತೆ ಮತ್ತೆ ಗೀಚಿದ, ಅಳಿಸಿದ. ಸಂಜೆಯ ಬಿಸಿಲು ಬಂಡೆಯ ಮೇಲೆ ಜೇನಿನಂತೆ ಇಳಿಯುವಾಗ ಅಕ್ಷರ ಅವನ ಬೆರಳಿಗೆ ಹತ್ತಿತು. ಅವನ ವಂಶದಲ್ಲೇ ಯಾರೂ ಒಂದಕ್ಷರ ಕಲಿತವರಲ್ಲ. ಕಲಿತವನು ನೇರವಾಗಿ ಚೀನಾದ್ದನ್ನೇ ಕಲಿತ!

ಅನಾಹುತ ಶುರುವಾದದ್ದು ಇಲ್ಲಿಂದ. ವಿದ್ಯೆ ಬಂದವನು ಸುಮ್ಮನಿರುವುದು ಹೇಗೆ? ಬರೀ ಸುಣ್ಣದ ಚುಕ್ಕೆ ಹಚ್ಚುತ್ತಿದ್ದ ಜಟ್ಟಿ ಈಗ ಇಡೀ ಅಕ್ಷರವನ್ನೇ ಬರೆಯತೊಡಗಿದ. ಬರೆದದ್ದನ್ನು ದೂರ ನಿಂತು ನೋಡಿ, ಇನ್ನೂ ಚೆನ್ನಾಗಿ ಬರೆಯಬಹುದಿತ್ತು ಅನ್ನಿಸಿ, ಮುಂದಿನ ಮರಕ್ಕೂ ಬರೆದ. ಬೋಳುಬಂಡೆ ಮುಗಿದಲ್ಲಿನ ನೇರಳೆಗೆ ಬರೆದ, ಹುಣಸೆಗೆ ಬರೆದ, ಹೊಳೆದಡದ ಹಲಸಿಗೂ ಬರೆದ. ಕಟ್ಟಳೆ ಎಂದರೆ ಕಟ್ಟಳೆ. ಗುರುತು ಕಂಡಲ್ಲೆಲ್ಲ ತಂಡ ಹೊರೆ ಇಳಿಸಿ ಒರಗಿತು. ಒಂದು ಹಗಲಿನ ದಾರಿ ವಾರವಾಯಿತು. ಬಂದರಿನಲ್ಲಿ ಹಡಗುಗಳು ಮೆಣಸಿಗಾಗಿ ಕಾದು ಕಾದು ಪಾಚಿಗಟ್ಟಿದವು.

"ಒಂದಕ್ಷರಕ್ಕೆ ಇಷ್ಟು ನಿದ್ದೆ," ಎಂದಳು ಜಟ್ಟಿಯ ಹೆಂಡತಿ ಕುಸಲಿ. "ಇನ್ನೊಂದು ಕಲಿತ್ರೆ ನೀವು ಏಳೂದೇ ಇಲ್ಲ ನೋಡಿ."

ದೂರು ಸೀಮೆಯ ಅರಸನವರೆಗೂ ಹೋಯಿತು. ಗುಡ್ಡದ ನೆತ್ತಿಯ ಮರದ ಕೆಳಗೆ ಹೊರೆಯಾಳುಗಳು ಮಲಗುತ್ತಾರೆ ಎಂದಷ್ಟೇ ಅವನ ಕಿವಿಗೆ ಬಿತ್ತು. ಅರಸನಿಗೆ ಆಗ ಹೊಸ ಹಡಗಿನ ಹುಚ್ಚು. ಹಾಯಿ ಕಟ್ಟುವ ಕೂವೆಮರಕ್ಕೆ ನೆಟ್ಟನೆಯ ಸುರಹೊನ್ನೆ ಬೇಕಾಗಿತ್ತು. "ಆ ಮರವನ್ನೇ ಕಡಿಯಿರಿ. ನನಗೆ ಕೂವೆಯೂ ಆಯಿತು, ಅವರ ನಿದ್ದೆಯೂ ಬಿಟ್ಟಿತು," ಎಂದ. ಕೊಡಲಿ, ಹಗ್ಗಗಳನ್ನು ಹೊರಬೇಕಾದವರು ಜಟ್ಟಿಯ ತಂಡದವರೇ.

ಜಟ್ಟಿಗೆ ಚಿಂತೆ ಹತ್ತಿತು. ಆ ಮರ ಹೋದರೆ ಬಿಸಿಲಿನ ಬಂಡೆಯ ಮೇಲೆ ಹೊರೆ ಹೊತ್ತವರ ಗತಿಯೇನು? ಎಷ್ಟೋ ತಲೆಮಾರಿನ ಬೆನ್ನುಗಳನ್ನು ತಾಳಿಕೊಂಡ ಮರ ತನ್ನ ಬೆರಳಿನ ಚಪಲಕ್ಕೆ ಹೋಗುವಂತಾಯಿತಲ್ಲ. ಹಡಗು ಹತ್ತಲು ನಿಂತಿದ್ದ ಫಾನನ ಬಳಿ ಓಡಿಹೋಗಿ ಸಂಗತಿ ಹೇಳಿದ. ಫಾನ್ ಮರಳಿನಲ್ಲಿ ಅಕ್ಷರ ಬರೆದು, ಬಲಗಡೆಯ ಮರವನ್ನು ಅಂಗೈಯಿಂದ ಒರೆಸಿಬಿಟ್ಟ. ಎಡಗಡೆಯ ಮನುಷ್ಯ ಒಬ್ಬನೇ ಉಳಿದ, ಒರಗಲು ಏನೂ ಇಲ್ಲದೆ. ಅಲೆಯೊಂದು ಬಂದು ಅವನನ್ನೂ ಒಯ್ದಿತು.

ಜಟ್ಟಿ ಹಿಂದಿರುಗುವಾಗ ದಾರಿಯ ಮರಗಳ ಸುಣ್ಣವನ್ನೆಲ್ಲ ಸೊಪ್ಪಿನಿಂದ ಉಜ್ಜಿ ತೆಗೆದ. ನೆತ್ತಿಯ ಮರದ ಮೇಲಿನದನ್ನು ಮಾತ್ರ ಹಾಗೆಯೇ ಬಿಟ್ಟ.

ಮರುದಿನ ಅರಸನ ಬಡಗಿ ಪದ್ಮಯ ಆಚಾರಿ ಜಟ್ಟಿಯ ತಂಡದೊಂದಿಗೆ ಗುಡ್ಡ ಹತ್ತಿದ. ಜೋಯಿಸರು ಮುಹೂರ್ತ ಇಟ್ಟುಕೊಟ್ಟಿದ್ದರು: ಸೂರ್ಯ ನೆತ್ತಿಗೆ ಬರುವುದರೊಳಗೆ ಮೊದಲ ಏಟು ಬೀಳಬೇಕು. ಮುಹೂರ್ತ ತಪ್ಪಿಸಿ ಕಡಿದ ಮರ ಹಡಗನ್ನು ಮುಳುಗಿಸುತ್ತದೆಂಬುದರಲ್ಲಿ ಆಚಾರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಆಚಾರಿಯದು ದೊಡ್ಡ ದೇಹ. ನೆತ್ತಿ ಮುಟ್ಟುವಾಗ ಅವನ ಏದುಸಿರಿಗೆ ಮರದ ಎಲೆಗಳು ಅಲ್ಲಾಡುತ್ತಿದ್ದವಂತೆ.

"ಇದೆಂತದಾ ಮರದ ಮೇಲೆ?" ಎಂದು ಜಟ್ಟಿಯನ್ನು ಕೇಳಿದ.

"ಅಕ್ಷರ, ಆಚಾರ್ರೇ. ಚೀನಾದ್ದು."

"ನಿಂಗೆ ಓದೂಕೆ ಬತ್ತದಾ? ಎಲ್ಲಿ, ಓದು."

"ಬಾಯಲ್ಲಿ ಓದೂದಲ್ಲ ಇದು, ಬೆನ್ನಲ್ಲಿ ಓದೂದು. ಈ ಎಡಗಡೇದು ನೀವು, ಬಲಗಡೇದು ಮರ. ಒಂದು ಗಳಿಗೆ ಒರಗಿ, ನಿಮಗೇ ಓದೂಕೆ ಬತ್ತದೆ."

"ಮುಹೂರ್ತಕ್ಕೆ ಇನ್ನೂ ಹೊತ್ತುಂಟಲ್ಲ," ಎಂದು ಆಚಾರಿ ಗೊಣಗುತ್ತ ಒರಗಿದ. ತಂಡದವರು ಕಟ್ಟಳೆಯಂತೆ ಕೊಡಲಿ, ಹಗ್ಗ ಇಳಿಸಿ ಸುತ್ತಲೂ ಒರಗಿದರು. ಜಟ್ಟಿ ಒಂದೇ ಕಣ್ಣು ಮುಚ್ಚಬೇಕೆಂದಿದ್ದ. ಇನ್ನೊಂದೂ ಮುಚ್ಚಿಕೊಂಡಿತು.

ಕಡಲಿನಿಂದ ಗಾಳಿ ಎದ್ದು ಬಂತು. ಅಂದು ಆ ಮರದ ಕೆಳಗೆ ಮಲಗಿದವರೆಲ್ಲ ಒಂದೇ ಕನಸು ಕಂಡರು ಎನ್ನುತ್ತಾರೆ. ಗುಡ್ಡ ಮೆಲ್ಲಗೆ ನೆಲ ಬಿಟ್ಟು ತೇಲತೊಡಗಿತು. ಕೆಳಗೆ ಹೊಳೆ ಬೆಳ್ಳಿಯ ನೂಲಾಯಿತು, ಮೋಡಗಳು ನೊರೆಯಾಗಿ ಬಂಡೆಯನ್ನು ಸವರಿಕೊಂಡು ಹಿಂದೆ ಸರಿದವು. ಬೆನ್ನ ಹಿಂದೆ ಮರ ಕೂವೆಯಾಗಿ ತೂಗುತ್ತಿತ್ತು, ಎಲೆಗಳಷ್ಟೂ ಹಾಯಿ. ಹಿಂದೆ ಆ ದಾರಿಯಲ್ಲಿ ಹೊರೆ ಹೊತ್ತು ಸವೆದುಹೋದವರೆಲ್ಲ ಬರಿತಲೆಯಲ್ಲಿ, ಕೈ ಬೀಸಿಕೊಂಡು, ಹಡಗಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಎಲ್ಲಿಗೆ ಹೋಗುತ್ತಿದ್ದೇವೆಂದು ಯಾರೂ ಕೇಳಲಿಲ್ಲ.

ಎಚ್ಚರವಾದಾಗ ನೆರಳುಗಳು ಮೂಡಲಿಗೆ ಉದ್ದವಾಗಿ ಚಾಚಿದ್ದವು. ಆಚಾರಿ ಧಡಕ್ಕನೆ ಎದ್ದು ಸೂರ್ಯನನ್ನು ನೋಡಿದ, ಕೊಡಲಿಯನ್ನು ನೋಡಿದ, ಮರವನ್ನು ಬಹಳ ಹೊತ್ತು ನೋಡಿದ. ಮುಂದಿನ ಮುಹೂರ್ತಕ್ಕೆ ಕಾದರೆ ಹಡಗು ಹೊರಡಿಸುವ ಗಾಳಿಯೇ ಮುಗಿದಿರುತ್ತದೆ. ಅವನು ತಾನು ಒರಗಿದ್ದ ಜಾಗವನ್ನು ಒಮ್ಮೆ ಸವರಿ, ಕೊಡಲಿಯನ್ನು ಜಟ್ಟಿಯ ಕೈಗೆ ಕೊಟ್ಟು, "ಹೊರು, ಇಳಿಯುವಾ," ಎಂದ. ಅರಸನ ಮುಂದೆ ನಿಂತು ಹೇಳಿದ್ದು ಇಷ್ಟೆ: "ಬುದ್ಧೀ, ಆ ಮರ ಆಗಲೇ ಒಂದು ಹಡಗಿನ ಕೂವೆಯಾಗಿದೆ. ನಾನೇ ಪ್ರಯಾಣ ಮಾಡಿ ಬಂದೆ." ಅರಸ ಕಣ್ಣು ಕಣ್ಣು ಬಿಟ್ಟ. ಮುಹೂರ್ತ ತಪ್ಪಿದ ಸುದ್ದಿ ಕೇಳಿದ ಮೇಲೆ ಅವನಿಗೂ ಆ ಮರದ ಆಸೆ ಬಿಟ್ಟಿತು. ಬೇರೆ ಕಾಡಿನಲ್ಲಿ ಮೊದಲೇ ಕಡಿದಿಟ್ಟಿದ್ದ ಮರವನ್ನು ಕೂವೆಗೆ ತರಿಸಿದರು. ದಾರಿಗೆ ಒಂದೇ ಗುರುತು, ಅದು ಆ ಮರಕ್ಕೇ ಎಂದು ಕಟ್ಟಳೆಯಾಯಿತು. ಜಟ್ಟಿ ಮತ್ತೆಂದೂ ಬೇರೆ ಮರಕ್ಕೆ ಬೆರಳು ತಾಗಿಸಲಿಲ್ಲ.

ಸುಣ್ಣದ ಅಕ್ಷರ ಮೊದಲ ಮಳೆಗೇ ತೊಳೆದುಹೋಯಿತು. ಮತ್ತೆ ಬರೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಇಂದಿಗೂ ಬಿಸಿಲೇರುವ ಹೊತ್ತಿಗೆ ಹೊಳೆಯ ಈಚೆ ದಡದಲ್ಲಿ ನಿಂತರೆ ಮೀನು ಮಾರಿ ಬರುವ ಹೆಂಗಸೊಬ್ಬಳು ಗುಡ್ಡದ ನೆತ್ತಿ ಮುಟ್ಟುವುದು ಕಾಣುತ್ತದೆ. ಬುಟ್ಟಿ ಇಳಿಸುತ್ತಾಳೆ, ಉಸ್ಸೆಂದು ಮರಕ್ಕೆ ಬೆನ್ನು ಕೊಡುತ್ತಾಳೆ. ಆ ಗಳಿಗೆ ಆಕಾಶದ ಮೇಲೆ ಅಕ್ಷರ ಮೂಡುತ್ತದೆ, ಎಡಕ್ಕೆ ಮನುಷ್ಯ, ಬಲಕ್ಕೆ ಮರ. ಅವಳು ಎದ್ದು ಹೋಗುವವರೆಗೆ ಇರುತ್ತದೆ.