ಸಾವಂತ್ರಮ್ಮನ ಸಾಗವಾನಿ ಮಂಚ

"ಗುರುಗಳೇ, ಮನಸ್ಸಿನೊಳಗೆ ಒಂದು ಕೇಡು ಸೇರಿಕೊಂಡಿದೆ ಎಂದು ಗೊತ್ತಾದರೆ, ಅದನ್ನು ಯಾರಿಗೂ ತಿಳಿಸದೆ ಒಳಗೊಳಗೇ ಕಳೆದುಕೊಳ್ಳಬಹುದಲ್ಲವೇ?" ಎಂದು ಶಾಂತಯ್ಯ ಕೇಳಿದ.

ಗುರುಗಳು ಬಹುದು ಎನ್ನಲಿಲ್ಲ, ಬಾರದು ಎಂದೂ ಎನ್ನಲಿಲ್ಲ. "ತಿಗಣೆ ನೋಡಿದ್ದೀಯಾ?" ಎಂದರು.

"ನೋಡಿದ್ದಕ್ಕಿಂತ ಕಚ್ಚಿಸಿಕೊಂಡದ್ದೇ ಹೆಚ್ಚು" ಎಂದ ಶಿಷ್ಯ.

"ಹಾಗಾದರೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದವಸದ ವ್ಯಾಪಾರಿಯಿದ್ದ. ಅವನ ಹೆಂಡತಿ ಸಾವಂತ್ರಮ್ಮ. ಅವಳ ಮನೆಯ ಚೊಕ್ಕಟ ಊರಿಗೇ ಮಾದರಿ. ಹೊಸ ಸೊಸೆಗೆ ಬುದ್ಧಿ ಹೇಳುವ ಅತ್ತೆಯರು, "ಹೋಗು, ಸಾವಂತ್ರಮ್ಮನ ಅಡುಗೆಮನೆ ನೋಡಿಕೊಂಡು ಬಾ" ಎನ್ನುತ್ತಿದ್ದರು. ದವಸದ ಮನೆಯೆಂದ ಮೇಲೆ ಹುಳುಹುಪ್ಪಟೆ ಬಿಟ್ಟೀತೇ? ಆದರೆ ಅವಳು ಒಂದೊಂದರ ಗುಣವನ್ನೂ ಬಲ್ಲವಳು. ಇರುವೆ ಸಾಲುಗಟ್ಟಿ ಬರುತ್ತದೆ. ಆ ಸಾಲಿನ ಹಿಂದೆಯೇ ಹೋಗಿ ಗೂಡಿನ ಬಾಯಿಗೆ ಅರಿಶಿನ ತುಂಬಿ ಬರುತ್ತಿದ್ದಳು. ಅಕ್ಕಿಗೆ ನುಸಿ ಬೀಳುವ ಮೊದಲೇ ಒಣಗಿದ ಬೇವಿನೆಲೆ ಬೆರೆಸಿಡುತ್ತಿದ್ದಳು. ಜಿರಳೆ ಎಂಜಲನ್ನು ಹುಡುಕಿ ಬರುತ್ತದೆಂದು, ಉಂಡ ತಟ್ಟೆ ಒಣಗುವುದಕ್ಕೆ ಬಿಟ್ಟವಳೇ ಅಲ್ಲ.

ತಿಗಣೆಯ ಗುಣವೇ ಬೇರೆ. ಅದು ಎಂಜಲಿಗೂ ಬರುವುದಿಲ್ಲ, ಕೊಳೆಗೂ ಬರುವುದಿಲ್ಲ. ಗುಡಿಸಿದ ಮನೆ, ಗುಡಿಸದ ಮನೆ ಎಂಬ ಭೇದ ಅದಕ್ಕಿಲ್ಲ. ಯಾರದೋ ಹಾಸಿಗೆಯ ಮಡಿಕೆಯಲ್ಲಿ ಕೂತು ಬರುತ್ತದೆ, ಮರದ ಸಂದಿಯಲ್ಲಿ ಬಿಡಾರ ಹೂಡುತ್ತದೆ, ದೀಪ ಆರಿದ ಮೇಲೆ ಊಟಕ್ಕೆ ಏಳುತ್ತದೆ. ಹಾಗೆ ಅದು ಸಾವಂತ್ರಮ್ಮನ ಮನೆಗೂ ಬಂತು. ಬಂದದ್ದು ನೇರವಾಗಿ ನಡುಮನೆಯ ಸಾಗವಾನಿ ಮಂಚವನ್ನು ಹೊಕ್ಕಿತು.

ಅದು ಮಾವನ ಕಾಲದ ಮಂಚ. ತಲೆಯ ಕಡೆ ಜೋಡಿ ನವಿಲು ಕೆತ್ತಿತ್ತು. ಮನೆಯವರು ಅದರಲ್ಲಿ ಮಲಗುತ್ತಿರಲಿಲ್ಲ. ಬಂದ ನೆಂಟರಿಗೇ ಅದು ಮೀಸಲು.

ತಿಗಣೆಗೆ ಮದ್ದೇನೆಂದು ಸಾವಂತ್ರಮ್ಮನಿಗೆ ಗೊತ್ತಿಲ್ಲದೆ ಇರಲಿಲ್ಲ. ಮಂಚವನ್ನು ಬಿಚ್ಚಿ ಹೊರಗೆ ತರಬೇಕು, ಸಂದಿಸಂದಿಗೆ ಕುದಿಯುವ ನೀರು ಹೊಯ್ಯಬೇಕು, ಸುಡುವ ಬಿಸಿಲಿಗೆ ಒಡ್ಡಬೇಕು. ಆದರೆ ಆ ಬೀದಿಯ ಮನೆಗಳಿಗೆ ಹಿತ್ತಿಲು ಇರಲಿಲ್ಲ. ಬಿಸಿಲು ಬೇಕೆಂದರೆ ಬೀದಿಗೇ ಬರಬೇಕು. ಮಂಚ ಬೀದಿಗೆ ಬಂದರೆ ಮಾನವೂ ಬೀದಿಗೆ ಬಂದಂತೆ ಎಂದು ಅವಳು ಹೆದರಿದಳು. ಬಾಗಿಲು ಹಾಕಿಕೊಂಡು, ಕಿಟಕಿ ಮುಚ್ಚಿಕೊಂಡು, ಒಳಗೇ ಬಿಸಿನೀರು ಹೊಯ್ದಳು. ನೀರು ಬಿದ್ದಾಗ ತಿಗಣೆಗಳು ಗೋಡೆಯ ಬಿರುಕು ಸೇರಿದವು. ಮಂಚ ಒಣಗಿದ ಮೇಲೆ ಮರಳಿ ಬಂದವು. ಮುಚ್ಚಿದ ಬಾಗಿಲಿನ ಕತ್ತಲೆ ಅವಕ್ಕೆ ಇನ್ನೂ ಹಿತವಾಯಿತು.

ಅವಳಿಗೆ ಒಬ್ಬಳೇ ಮಗಳು, ರುದ್ರಾಣಿ. ಮದುವೆಗೆ ಬಂದ ಹುಡುಗಿ. ಒಂದು ಊರಿನಿಂದ ಗಂಡಿನ ಕಡೆಯವರು ನೋಡಲು ಬಂದರು. ಹುಡುಗಿಯನ್ನು ಮೆಚ್ಚಿದರು, ಹೋಳಿಗೆ ಉಂಡರು, ನವಿಲಿನ ಮಂಚದಲ್ಲಿ ಮಲಗಿದರು. ಬೆಳಗಾಗುತ್ತಲೇ, "ಹೊಲದಲ್ಲಿ ಕೆಲಸವಿದೆ" ಎಂದು ಗಾಡಿ ಕಟ್ಟಿದವರ ಸುದ್ದಿ ಮತ್ತೆ ಬರಲಿಲ್ಲ. ಇನ್ನೊಂದು ಕಡೆಯವರು ಬಂದರು. ಅವರೂ ಹಾಗೆಯೇ ಮಾಡಿದರು. ಕಚ್ಚಿತು ಎಂದು ಹೇಳಲು ಅವರಿಗೆ ಸಂಕೋಚ, ಕಚ್ಚಿತೇ ಎಂದು ಕೇಳಲು ಇವಳಿಗೆ ಸಂಕೋಚ.

ಊರಿನ ಬಾಯಿಗೆ ಸಂಕೋಚವಿರಲಿಲ್ಲ. "ಹುಡುಗಿಗೆ ಏನೋ ಐಬಿದೆ" ಎಂಬ ಮಾತು ಬಾವಿಕಟ್ಟೆಯಲ್ಲಿ ಹುಟ್ಟಿ ಬೀದಿಯೆಲ್ಲ ಸುತ್ತಿತು. ಸಾವಂತ್ರಮ್ಮ ಕೇಳಿಸದವಳಂತೆ ಇದ್ದಳು. ಮಗಳಿಗೆ ಕೇಳಿಸಿತ್ತೋ ಇಲ್ಲವೋ ಎಂದು ಕೇಳಲಿಲ್ಲ. ಹರಕೆ ಹೊತ್ತಳು, ಮಗಳ ಕೈಗೆ ತಾಯಿತ ಕಟ್ಟಿಸಿದಳು. ಮಂಚವನ್ನು ಮಾತ್ರ ಕದಲಿಸಲಿಲ್ಲ.

ಮತ್ತೊಂದು ಸಂಬಂಧ ಬಂತು. ಹುಡುಗನ ತಾಯಿ ಮಲ್ಲಾಜಮ್ಮ, ದೊಡ್ಡ ದನಿಯ ಹೆಂಗಸು. ಮಗನನ್ನು ಕರೆದುಕೊಂಡು ತಾನೇ ಬಂದಿದ್ದಳು. ಸಂಜೆಯ ಊಟ ಮುಗಿಯಿತು. ಸಾವಂತ್ರಮ್ಮ ಎಲೆಯಡಿಕೆಯ ತಟ್ಟೆ ಹಿಡಿದು, "ದಣಿದಿದ್ದೀರಿ, ಮಂಚದ ಮೇಲೆ ಸ್ವಲ್ಪ ಒರಗಿಕೊಳ್ಳಿ" ಎಂದು ನಡುಮನೆಯ ಕಡೆ ಕೈ ತೋರಿಸಿದಳು.

ಬಾಗಿಲಲ್ಲಿ ನಿಂತಿದ್ದ ರುದ್ರಾಣಿ ಮಲ್ಲಾಜಮ್ಮನಿಗೆ, "ಬೇಡ ಅಮ್ಮಾ, ಆ ಮಂಚದಲ್ಲಿ ತಿಗಣೆಗಳಿವೆ. ಜಗುಲಿಯ ಮೇಲೆ ಚಾಪೆ ಹಾಸಿಕೊಡುತ್ತೇನೆ" ಎಂದಳು.

ಸಾವಂತ್ರಮ್ಮನ ಕೈಯಲ್ಲಿದ್ದ ತಟ್ಟೆ ವಾಲಿ ಅಡಿಕೆಯೆಲ್ಲ ನೆಲಕ್ಕೆ ಉರುಳಿತು. "ಏನು ಮಾತಾಡ್ತಾ ಇದ್ದೀಯೇ?" ಎಂದಳು.

"ಇರುವುದನ್ನೇ ಹೇಳಿದೆನವ್ವಾ. ಐಬು ಮಂಚದ್ದು. ಊರವರು ಅದನ್ನು ನನ್ನ ತಲೆಗೆ ಕಟ್ಟಿದ್ದಾರೆ. ಹೊತ್ತು ಹೊತ್ತು ಸಾಕಾಗಿದೆ ನನಗೆ."

ನೆಲ ಬಾಯಿಬಿಟ್ಟರೆ ಸಾಕೆನಿಸಿತು ಸಾವಂತ್ರಮ್ಮನಿಗೆ. ಅಷ್ಟರಲ್ಲಿ ಮಗಳು ಕೊನೆಗೆ ಆಡಿದ ಮಾತು ಕಿವಿಯಿಂದ ಎದೆಗಿಳಿಯಿತು. ತಾನು ಮುಚ್ಚಿಟ್ಟದ್ದನ್ನು ಇಷ್ಟು ದಿನ ಹೊತ್ತವಳು ಈ ಕೂಸು ಎಂದು ಆಗ ತಿಳಿಯಿತು. ನಾಚಿಕೆಯ ಜಾಗದಲ್ಲಿ ಸಂಕಟ ಬಂತು. ಕಣ್ಣು ತುಂಬಿತು.

ಮಲ್ಲಾಜಮ್ಮ ಮಾತ್ರ ನಗತೊಡಗಿದಳು. ನಕ್ಕು ನಕ್ಕು ಗೋಡೆ ಹಿಡಿದು ಕೂತಳು.

"ನನ್ನ ತಾಯೀ, ಬದುಕಿದೆ! ನಮ್ಮ ಹಾಸಿಗೆ ಗಾಡಿಯಲ್ಲೇ ಬಿಟ್ಟು ಬಂದಿದ್ದೇನಲ್ಲ, ಯಾಕೆ ಅಂದುಕೊಂಡಿರಿ? ನಮ್ಮ ಮನೆಯ ತಿಗಣೆ ನಿಮ್ಮ ಮನೆಗೆ ಹತ್ತಿದರೆ ಸಂಬಂಧ ಮುರಿಯುತ್ತಲ್ಲಾ ಅಂತ ದಾರಿಯುದ್ದಕ್ಕೂ ಹೆದರಿಕೊಂಡೇ ಬಂದೆ!"

ಸಾವಂತ್ರಮ್ಮನಿಗೆ ಅಳುತ್ತಿರುವಾಗಲೇ ನಗು ಬಂತು. ಆ ರಾತ್ರಿ ಎಲ್ಲರೂ ಜಗುಲಿಯ ಮೇಲೆ ಚಾಪೆ ಹಾಸಿಕೊಂಡು ಮಲಗಿದರು. ಎಷ್ಟೋ ತಿಂಗಳ ಮೇಲೆ ಆ ಮನೆಯ ನೆಂಟರಿಗೆ ಕಣ್ತುಂಬ ನಿದ್ದೆ ಬಂತು.

ಬೆಳಗ್ಗೆ ಸಾವಂತ್ರಮ್ಮ ತಾನೇ ಬೀದಿಬಾಗಿಲು ಹಾರುಹೊಡೆದಳು. ವ್ಯಾಪಾರಿಯೂ ಹುಡುಗನೂ ಸೇರಿ ಮಂಚವನ್ನು ಎತ್ತಿದರು. ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಹುಡುಗ ಕೊಡತಿಯಿಂದ ಬಡಿದು ಕಾಲುಗಳನ್ನು ಬಿಡಿಸಿ, ಒಂದೊಂದಾಗಿ ಬೀದಿಗೆ ತಂದಿಟ್ಟ. ರುದ್ರಾಣಿ ಕುದಿಯುವ ನೀರಿನ ಪಾತ್ರೆ ತಂದಳು.

"ನೀರು ಚೆನ್ನಾಗಿ ಕಾದಿದೆಯಾ?" ಎಂದು ಅವನು ಕೇಳಿದ.

"ಕಾದಿದೆ. ಕಾಲು ಹಿಂದಕ್ಕೆ ತೆಗೆದುಕೊಳ್ಳಿ" ಎಂದಳು ಅವಳು.

ಆ ಇಬ್ಬರು ಮೊದಲು ಆಡಿಕೊಂಡ ಮಾತು ಇಷ್ಟೇ.

ಎದುರುಮನೆಯ ಪಟೇಲರ ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಸೆರಗು ಸರಿಪಡಿಸಿಕೊಂಡು ಬೀದಿ ದಾಟಿ ಬಂದಾಗ ಸಾವಂತ್ರಮ್ಮ, ಏನು ಅನ್ನಿಸಿಕೊಳ್ಳಬೇಕೋ ಎಂದು ಎದೆ ಗಟ್ಟಿ ಮಾಡಿಕೊಂಡಳು. ಪಟೇಲರ ಹೆಂಡತಿ ಹತ್ತಿರ ಬಂದು, ಅತ್ತಿತ್ತ ನೋಡಿ, ಕಿವಿಯಲ್ಲಿ ಹೇಳಿದಳು: "ಹಂಡೆಯಲ್ಲಿ ನೀರು ಉಳಿಯುತ್ತಾ, ಸಾವಂತ್ರಮ್ಮಾ? ನಮ್ಮದೂ ಎರಡು ಮಂಚ ಇವೆ."

"ಕಿವಿಯಲ್ಲಿ ಯಾಕೆ ಹೇಳ್ತೀರಿ? ಹೊರಗೆ ತನ್ನಿ!" ಎಂದಳು ಸಾವಂತ್ರಮ್ಮ. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ.

ಪಟೇಲರ ಮಂಚ ಬಂದದ್ದು ನೋಡಿ ಅರ್ಚಕರ ಮನೆಯ ಹಾಸಿಗೆ ಬಂತು. ಅರ್ಚಕರದು ನೋಡಿ ಮೇಷ್ಟ್ರ ಮನೆಯ ಬೆಂಚು ಬಂತು. ಬಾವಿಕಟ್ಟೆಯಲ್ಲಿ ಐಬಿನ ಮಾತೆತ್ತಿದ್ದ ಮುದುಕಿ ತನ್ನ ಹಗ್ಗದ ಮಂಚವನ್ನು ದರದರ ಎಳೆದುಕೊಂಡು ಬಂದು, ಎಲ್ಲರ ನಟ್ಟನಡುವೆ ಹಾಕಿದಳು. ಹೊತ್ತು ನೆತ್ತಿಗೇರುವಷ್ಟರಲ್ಲಿ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬರು ಹಾಸಿಗೆ ಬಡಿದರೆ ಇನ್ನೊಬ್ಬರು ನೀರು ಹೊಯ್ದರು. ಸಂದಿಯಿಂದ ಒಂದು ದಪ್ಪ ತಿಗಣೆ ಹೊರಬಿದ್ದಾಗ ಯಾರೋ, "ಇದು ಪಟೇಲರ ಮನೆಯದೇ ಇರಬೇಕು, ಚೆನ್ನಾಗಿ ಉಂಡು ಬೆಳೆದಿದೆ!" ಎಂದರು. ಪಟೇಲರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಒಂದೇ ಮನೆ ತೊಳೆದಿದ್ದರೆ ಅವು ಪಕ್ಕದ ಮನೆಗೆ ನಡೆದು, ಸಮಯ ನೋಡಿ ಹಿಂದಕ್ಕೆ ಬರುತ್ತಿದ್ದವು. ಆ ದಿನ ಅವಕ್ಕೆ ಹೋಗಲು ಮನೆಯೇ ಉಳಿಯಲಿಲ್ಲ.

ನವಿಲಿನ ಮಂಚ ಒಣಗಿತು. ಅದನ್ನು ಅಲ್ಲೇ ಜೋಡಿಸಿದರು. ಸಾವಂತ್ರಮ್ಮನೂ ಮಲ್ಲಾಜಮ್ಮನೂ ನಡುಬೀದಿಯಲ್ಲಿ ಅದರ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು, ಊರೆಲ್ಲ ನೋಡುತ್ತಿದ್ದಂತೆ ಮದುವೆ ನಿಶ್ಚಯ ಮಾಡಿದರು.

ಗುರುಗಳು ಕತೆ ನಿಲ್ಲಿಸಿದರು. ಶಾಂತಯ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಎಂಥ ಹೆಂಗಸು ಗುರುಗಳೇ! ಒಂದು ಹೊತ್ತಿನ ಕೆಲಸಕ್ಕೆ ಅಷ್ಟು ಕಾಲ ಹೆದರಿ ಕೂತಿದ್ದಳಲ್ಲ!"

ಗುರುಗಳೂ ಅವನ ಜೊತೆ ಮನಸಾರೆ ನಕ್ಕರು. ನಗು ಮುಗಿದ ಮೇಲೆ ಹೇಳಿದರು:

"ಇವತ್ತೂ ಬಿಸಿಲು ಚೆನ್ನಾಗಿದೆ, ಶಾಂತಯ್ಯ."

ಶಾಂತಯ್ಯ ಗುರುಗಳ ಹತ್ತಿರಕ್ಕೆ ಸರಿದು ಕೂತು, "ಹಾಗಾದರೆ ಕೇಳಿ, ಗುರುಗಳೇ" ಎಂದ.