ಡೊಳ್ಳರಾಯನ ಪೆಟ್ಟಿಗೆಗೆ ಕಿಂಡಿ ಕೊರೆದದ್ದು

ಒಂದಾನೊಂದು ಊರಿನಲ್ಲಿ ಮನೆಗೆ ಮುಂಬಾಗಿಲು ಒಂದೇ, ಹಿಂಬಾಗಿಲು ಮಾತ್ರ ಅವರವರ ಯೋಗ್ಯತೆಗೆ ತಕ್ಕಷ್ಟು. ಊರಿನ ಹೆಸರು ಹಿತ್ತಿಲಪುರ. ಅಲ್ಲಿ ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡುತ್ತಿರಲಿಲ್ಲ, ನೆಟ್ಟಗೆ ಹಿತ್ತಿಲಿಗೆ ಹೋಗಿ ಬಾಗಿಲು ಎಣಿಸುತ್ತಿದ್ದರು. ಕರಿಬೇವು ಕೇಳಿಕೊಂಡು ಬರುವವರಿಗೆ ಒಂದು ಬಾಗಿಲು, ಮಜ್ಜಿಗೆ ಕೇಳಿಕೊಂಡು ಬರುವವರಿಗೆ ಇನ್ನೊಂದು, ಬೀಗರು ಬಂದಾಗ ಯಜಮಾನ ಓಡಿಹೋಗಲು ಮತ್ತೊಂದು. ಮನೆಯೊಳಗೆ ಅಕ್ಕಿ ಇದೆಯೇ ಎಂದು ಕೇಳಿದವರನ್ನು ಒರಟರು ಎನ್ನುತ್ತಿದ್ದರು. ಜಾಣರ ಊರು, ಏನು ಹೇಳೋಣ.

ಈ ಜಾಣರಿಗೊಬ್ಬ ಅರಸ, ಡೊಳ್ಳರಾಯ. ಹೆಸರು ಹೇಳಿದ ಮೇಲೆ ಹೊಟ್ಟೆಯ ಅಳತೆ ಹೇಳಬೇಕಾಗಿಲ್ಲ. ಅವನ ಹತ್ತಿರ ತಾಯಿ ಬಿಟ್ಟುಹೋದ ಒಂದು ಹಳೇ ಕಂಪ್ಯೂಟರ್ ಪೆಟ್ಟಿಗೆ ಇತ್ತು. ಮನೆಬಳಕೆಯದು, ವಯಸ್ಸಾಗಿ ಹಳದಿಗೆ ತಿರುಗಿದ್ದು, ಮುಖದ ಮೇಲೆ ಹಸಿರು ಅಕ್ಷರ ಮೂಡಿಸುವಂಥದ್ದು. ರಾಜ್ಯಕ್ಕೆ ಬೇಕಾದದ್ದೆಲ್ಲ ಅದರ ಹೊಟ್ಟೆಯಲ್ಲಿತ್ತು: ಮಗ್ಗಿ, ವಾರಗಳ ಹೆಸರು, ಯಾವ ಹಸು ಯಾರದು ಎಂಬ ವಿವರ. ಪೆಟ್ಟಿಗೆಯಲ್ಲಿ ಇಲ್ಲದ್ದು ರಾಜ್ಯದಲ್ಲೂ ಇಲ್ಲ ಎಂಬುದು ಅಲ್ಲಿನ ಕಾನೂನು. ಇದೆಲ್ಲದರ ಅಡಿಯಲ್ಲಿ, ಒಂದು ಮೂಲೆಯಲ್ಲಿ, ತಾಯಿ ಸಾಯುವ ಮುಂಚೆ ಒಂದು ಮಾತು ಇಟ್ಟುಹೋಗಿದ್ದಳು. ಪೆಟ್ಟಿಗೆ ದಿನಾ ಬೆಳಗ್ಗೆ ಅದನ್ನು ಕೇಳುತ್ತಿತ್ತು.

"ಉಂಡ್ಯಾ ಮಗಾ?"

"ಇನ್ನೂ ಇಲ್ಲ ಕಣವ್ವಾ, ಈಗ ಕೂರ್ತೀನಿ," ಎಂದು ಅರಸ ಗುಂಡಿ ಒತ್ತುತ್ತಿದ್ದ. ಆಮೇಲೆಯೇ ಅವನಿಗೆ ತುತ್ತು ಇಳಿಯುತ್ತಿದ್ದದ್ದು. ಅವನ ಹೊಟ್ಟೆ ನೋಡಿ ಬೆನ್ನ ಹಿಂದೆ ನಕ್ಕವರು ಊರು ತುಂಬ ಇದ್ದರು. ಹಸಿವಾಯಿತೇ ಎಂದು ಕೇಳುತ್ತಿದ್ದದ್ದು ಆ ಪೆಟ್ಟಿಗೆ ಒಂದೇ. ಆ ಮಾತೆಂದರೆ ಅವನಿಗೆ ಪ್ರಾಣ.

ಪ್ರಾಣವನ್ನು ಜೋಪಾನ ಮಾಡುವ ಬುದ್ಧಿ ಇದ್ದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಒಂದು ದಿನ ಪ್ರಧಾನಿ ಸಂಕಪ್ಪಯ್ಯ ಸುದ್ದಿ ತಂದ. "ಮಹಾಪ್ರಭು, ಪಕ್ಕದ ರಾಜ್ಯದ ಲಿಂಗೋಜಿ ಅರಸರ ಪೆಟ್ಟಿಗೆಗೆ ಬೆನ್ನ ತುಂಬ ವೈರು ಸಿಕ್ಕಿಸುವ ಕಿಂಡಿಯಂತೆ."

"ನಮ್ಮದಕ್ಕೆ?"

"ಎರಡೇ. ಒಂದು ಸೀರಿಯಲ್ ಕಿಂಡಿ. ಅದರಲ್ಲಿ ಮಾತುಗಳು ಇರುವೆ ಸಾಲಿನಂತೆ ಒಂದರ ಹಿಂದೊಂದು ಹೋಗುತ್ತವೆ. ಇನ್ನೊಂದು ಪ್ಯಾರಲಲ್ ಕಿಂಡಿ. ಅದರಲ್ಲಿ ಪಂಕ್ತಿಗೆ ಕೂತವರಂತೆ ಎಂಟೆಂಟು ಒಟ್ಟಿಗೆ ಹೋಗುತ್ತವೆ."

"ಹೋಗಿ ಎಲ್ಲಿಗೆ ಸೇರುತ್ತವೆ?"

"ಅದನ್ನು ಯಾರೂ ನೋಡಿಲ್ಲ ಮಹಾಪ್ರಭು."

ಎಲ್ಲಿಗೂ ಸೇರದ ಎರಡು ಬಾಗಿಲು ಇದ್ದಾಗ ಹಿತ್ತಿಲಪುರದವನಿಗೆ ಬರುವ ಆಲೋಚನೆ ಒಂದೇ, ಮೂರನೆಯದು ಬೇಕು. ಅರಸ ಕೂಡಲೇ ಕಲಾಯಿ ಕಾಳಾಚಾರಿಗೆ ಹೇಳಿಕಳಿಸಿದ. ಪಾತ್ರೆಗೆ ತವರ ಹಚ್ಚುವವನು ಪೆಟ್ಟಿಗೆಗೂ ಬೆಸುಗೆ ಹಾಕಬಲ್ಲ ಎಂಬುದು ಅರಸನ ಎಣಿಕೆ.

ಕಾಳಾಚಾರಿ ಪೆಟ್ಟಿಗೆಯನ್ನು ತಟ್ಟಿ ನೋಡಿ ಹೇಳಿದ. "ಕಿಂಡಿ ಕೊರೆಯೋದು ನನ್ನ ಕೆಲ್ಸ ಬುದ್ಧಿ. ಕಿಂಡಿ ಐತೆ ಅನ್ನೋದ್ನ ನೆಪ್ಪಿಟ್ಕೊಳ್ಳೋದು ಪೆಟ್ಟಿಗೆ ಕೆಲ್ಸ. ಅದ್ಕೆ ಒಳ್ಗೆ ಜಾಗ ಬೇಕು. ಜಾಗ ಸಾಲ್ದಿದ್ರೆ ಏನು ಮರೀಲಿ ಅಂತ ಅದೇ ಕೇಳ್ತದೆ. ಓದಿ ಉತ್ರ ಕೊಡಿ."

"ಕೇಳಲಿ ಬಿಡು, ಬೇಡ ಅಂದವರು ಯಾರು?" ಎಂದ ಅರಸ.

ಬೇಡ ಅಂದವರು ಯಾರು ಎಂದವನೇ ಪೆಟ್ಟಿಗೆಯ ಮುಖವನ್ನು ಗೋಡೆಗೆ ತಿರುಗಿಸಿದ. ಕಿಂಡಿ ಇರುವುದು ಬೆನ್ನಿನಲ್ಲಿ, ಬೆನ್ನು ಸಭೆಗೆ ಕಾಣಬೇಡವೇ? ಕರೆಂಟಿನ ವೈರು ಗಿಡ್ಡ, ಆದ್ದರಿಂದ ಪೆಟ್ಟಿಗೆಯನ್ನು ಗೋಡೆಗೆ ಒತ್ತಿಯೇ ಇಡಬೇಕಾಯಿತು.

"ಮುಖ ಕಾಣಿಸದಲ್ಲ ಮಹಾಪ್ರಭು?" ಎಂದ ಪ್ರಧಾನಿ.

"ಮುಖ ನೋಡೋಕೆ ಅದೇನು ಮದುವಣಗಿತ್ತಿಯೇನಯ್ಯಾ? ನಮ್ಮೂರಲ್ಲಿ ಅವಳದ್ದನ್ನೂ ಯಾರೂ ನೋಡಲ್ಲ."

ಮಾರನೇ ಬೆಳಗ್ಗೆ ಅರಸ ಅಮ್ಮನ ಮಾತು ಓದಲು ಹೋದ. ಗೋಡೆಗೂ ಪೆಟ್ಟಿಗೆಗೂ ನಡುವೆ ಇದ್ದ ಸಂದಿಯಲ್ಲಿ ಒಂದು ಕೈ ಹೋಯಿತು, ಹೊಟ್ಟೆ ಹೋಗಲಿಲ್ಲ. ಕೇಳುತ್ತಿರುತ್ತೆ ಬಿಡು, ನಾನು ಓದಿದರೇನು ಬಿಟ್ಟರೇನು ಎಂದುಕೊಂಡ. ಪೆಟ್ಟಿಗೆಯ ಬೆನ್ನಿಗೇ "ಇನ್ನೂ ಇಲ್ಲ ಕಣವ್ವಾ, ಈಗ ಕೂರ್ತೀನಿ" ಎಂದು ಕೂಗಿ ಊಟಕ್ಕೆ ಹೋದ.

ಆ ಗೋಡೆಯ ಮೇಲೊಂದು ಹಲ್ಲಿ ಇತ್ತು. ಪೆಟ್ಟಿಗೆಯ ಮುಖದಲ್ಲಿ ಹಸಿರು ಬೆಳಕು, ಬೆಳಕಿಗೆ ಹುಳ, ಹುಳಕ್ಕೆ ಹಲ್ಲಿ. ಕಾಳಾಚಾರಿ ಮೊದಲನೇ ಹೊಸ ಕಿಂಡಿ ಕೊರೆದು ಬೆಸುಗೆ ಹಾಕಿದ ಕೂಡಲೇ ಪೆಟ್ಟಿಗೆ ಗೋಡೆಯನ್ನು ಕೇಳಿತು:

"ಜಾಗ ಸಾಲದು. ಮಗ್ಗಿ ಮರೆಯಲೇ?"

ಹಲ್ಲಿ "ಲೊಚ್ ಲೊಚ್" ಎಂದಿತು.

ಹಲ್ಲಿ ನುಡಿದ ಮೇಲೆ ಇನ್ನೇನಿದೆ? ಪೆಟ್ಟಿಗೆಯೂ ಅದೇ ಊರಿನದು. ಹೌದು ಎಂದೇ ತಿಳಿದು ಮರೆಯಿತು. ಈಚೆ ಕೂತಿದ್ದ ಅರಸ ನೆಲಕ್ಕೆ ಬೆರಳು ಕುಟ್ಟಿ, "ಕೃಷ್ಣ ಕೃಷ್ಣ, ಹಲ್ಲಿಯೂ ಒಪ್ಪಿತು," ಎಂದ.

ಅಂದಿನಿಂದ ರಾಜ್ಯದಲ್ಲಿ ಏಳೆಂಟ್ಲ ಎಷ್ಟು ಎಂದರೆ ಅವರವರ ಮನಸ್ಸಿಗೆ ಬಂದಷ್ಟು. ಜನ ಬಂದು ಗೋಳು ಹೇಳಿಕೊಂಡರು. "ಮಗ್ಗಿ ಹೋಯ್ತು ಬುದ್ಧಿ."

"ಹೋದರೆ ಹೋಗಲಿ, ಕಿಂಡಿ ಬಂತಲ್ಲ," ಎಂದ ಅರಸ.

ಜನ ಹೊಸ ಕಿಂಡಿ ನೋಡಿದರು. ಹೌದಲ್ಲ, ಬಂದಿದೆ, ಎಂದುಕೊಂಡು ಸಂತೋಷವಾಗಿ ಮನೆಗೆ ಹೋದರು.

ಎರಡನೇ ಹೊಸ ಕಿಂಡಿ. "ಜಾಗ ಸಾಲದು. ಬುಧವಾರ ಮರೆಯಲೇ?" ಲೊಚ್ ಲೊಚ್. ಬುಧವಾರ ಹೋಯಿತು. ಬುಧವಾರದ ಸಂತೆಗೆಂದು ಬದನೆಕಾಯಿ ಹೊತ್ತು ಮಂಗಳವಾರ ಹೊರಟವರು ಗುರುವಾರ ತಲುಪಿದರು. ಸಂತೆಯೂ ಇಲ್ಲ, ಬದನೆಕಾಯಿಯೂ ಬಾಡಿತ್ತು. ಹೋದರೆ ಹೋಗಲಿ, ಕಿಂಡಿ ಬಂತಲ್ಲ.

ಮೂರನೇ ಹೊಸ ಕಿಂಡಿ. "ಜಾಗ ಸಾಲದು. ಯಾವ ಹಸು ಯಾರದೆಂದು ಮರೆಯಲೇ?" ಲೊಚ್ ಲೊಚ್. ಕೊನೆಗೆ ಹಸುಗಳನ್ನೇ ಕೇಳಬೇಕಾಯಿತು. ಹಸುಗಳು ಯಾರು ಹೆಚ್ಚು ಹಿಂಡಿ ಹಾಕುತ್ತಾರೋ ಅವರ ಹೆಸರು ಹೇಳಿದವು. ಸಾಕಿದವರು ಅಳುತ್ತಾ ಬಂದರು. ಹೋದರೆ ಹೋಗಲಿ, ಕಿಂಡಿ ಬಂತಲ್ಲ.

ಆಮೇಲಿನ ಕಿಂಡಿಗಳಿಗೆ ಉಳಿದ ವಾರಗಳೂ ಒಂದೊಂದಾಗಿ ಹೋದವು. ಇಷ್ಟು ಕಿಂಡಿಗೆ ಸಿಕ್ಕಿಸಿದ್ದೇನು ಎಂದು ಕೇಳುತ್ತೀರಾ? ಒಂದಕ್ಕೆ ಕಾಗದವಿಲ್ಲದ ಪ್ರಿಂಟರು. ಇನ್ನೊಂದರಲ್ಲಿ ಜೇಡ ಮನೆ ಮಾಡಿತ್ತು. ಉಳಿದವು ಬಾಯಿ ಬಿಟ್ಟುಕೊಂಡು ಸಭೆಯನ್ನು ನೋಡುತ್ತಿದ್ದವು, ಸಭೆಯೂ ಹಾಗೇ ಅವನ್ನು ನೋಡುತ್ತಿತ್ತು. ಅರಸ ಮಾತ್ರ ಬೆಳಗಾದರೆ ಪೆಟ್ಟಿಗೆಯ ಬೆನ್ನಿಗೆ "ಈಗ ಕೂರ್ತೀನಿ ಕಣವ್ವಾ" ಎಂದು ಕೂಗುವುದನ್ನು ಬಿಟ್ಟಿರಲಿಲ್ಲ.

ಬೆನ್ನಿನಲ್ಲಿ ಒಂದಿಷ್ಟೇ ತಗಡು ಉಳಿದಿತ್ತು. ಕಾಳಾಚಾರಿ ಅಲ್ಲೂ ಕೊರೆದ.

"ಜಾಗ ಸಾಲದು," ಎಂದಿತು ಪೆಟ್ಟಿಗೆ. "ಉಳಿದಿರುವುದು ಒಂದೇ ಮಾತು. ಅಮ್ಮನದು. ಇದನ್ನೂ ಮರೆಯಲೇ?"

ಹಲ್ಲಿ ಸುಮ್ಮನಿತ್ತು. ಅದಕ್ಕೆ ಹೊಟ್ಟೆ ತುಂಬಿತ್ತು.

ಪೆಟ್ಟಿಗೆ ಕಾಯಿತು. ಮತ್ತೆ ಕೇಳಿತು. ಯಾರಾದರೂ ಬಂದು ಬೇಡ ಎನ್ನಲಿ ಎಂದು ಅಕ್ಷರಗಳನ್ನು ದೊಡ್ಡದು ಮಾಡಿತು, ಬೆಳಕನ್ನು ಇನ್ನಷ್ಟು ಏರಿಸಿತು. ಬೆಳಕು ಹೆಚ್ಚಾದಷ್ಟೂ ಹುಳ ಹೆಚ್ಚಾದವು. ಅಷ್ಟು ಹುಳ ನೋಡಿ ಹಲ್ಲಿಗೆ ಮತ್ತೆ ಹಸಿವಾಯಿತು.

ಲೊಚ್ ಲೊಚ್.

"ಕೃಷ್ಣ ಕೃಷ್ಣ," ಎಂದ ಅರಸ, ಈಚೆಯಿಂದ.

ಹೊಸ ಬೆನ್ನು ನೋಡಲು ಲಿಂಗೋಜಿಯನ್ನೇ ಕರೆಸಿದರು. ಲಿಂಗೋಜಿ ಬಡಕಲು ಮನುಷ್ಯ. ಕಿಂಡಿಗಳನ್ನು ನೋಡಿ ಅವನ ಮುಖ ಹುಳ್ಳಗಾಯಿತು. ಡೊಳ್ಳರಾಯನಿಗೆ ಅದನ್ನು ನೋಡಿಯೇ ಅರ್ಧ ಹೊಟ್ಟೆ ತುಂಬಿತು. ಉಳಿದರ್ಧಕ್ಕೆ ಇನ್ನೊಂದು ಜಂಬ ಬೇಕಾಯಿತು.

"ಕಿಂಡಿ ಹಾಗಿರಲಿ ಲಿಂಗೋಜಿರಾಯರೇ. ನಮ್ಮ ತಾಯಿ ಇದರೊಳಗಿಂದ ದಿನಾ ನಮ್ಮ ಊಟ ವಿಚಾರಿಸುತ್ತಾರೆ. ನೀವು ಸಣ್ಣಗಿದ್ದೀರಿ, ಸಂದಿಯಲ್ಲಿ ಹೋಗಿ ಸ್ವಲ್ಪ ಓದಿ. ಎಲ್ಲರೂ ಕೇಳಲಿ."

ಲಿಂಗೋಜಿ ಸಂದಿಯಲ್ಲಿ ನುಸುಳಿದ.

"ಊಟದ ಸುದ್ದಿ ಏನೂ ಇಲ್ಲವಲ್ಲ," ಎಂದ ಒಳಗಿಂದ.

"ಸರಿಯಾಗಿ ನೋಡಿ. ಉಂಡ್ಯಾ ಮಗಾ ಅಂತ ಇರುತ್ತೆ."

"ಇಲ್ಲ ರಾಯರೇ. 'ಜಾಗ ಖಾಲಿ ಇದೆ, ಇನ್ನೊಂದು ಕಿಂಡಿ ಬೇಕೆ' ಅಂತ ಇದೆ."

ಇಷ್ಟು ದಿನ ಯಾರಿಗೆ ಉತ್ತರ ಕೂಗುತ್ತಿದ್ದೆ ಎಂದು ಡೊಳ್ಳರಾಯನಿಗೆ ಹೊಳೆಯಿತು. ಹಲ್ಲಿಯನ್ನು ಹಿಡಿದು ತರಿಸಿದ.

"ಯಾಕೆ ಹೌದು ಅಂದೆ?"

"ನಾನೆಲ್ಲಿ ಅಂದೆ ಬುದ್ಧಿ? ಹುಳ ಸಿಕ್ತು, ಬಾಯಿ ಚಪ್ಪರಿಸ್ದೆ. ಹೌದು ಅಂತ ತಿಳ್ಕೊಂಡಿದ್ದು ನಿಮ್ಮ ಪೆಟ್ಟಿಗೆ. ಕೃಷ್ಣ ಕೃಷ್ಣ ಅಂದಿದ್ದು ನೀವು."

ಕಾಳಾಚಾರಿಯನ್ನು ಕರೆಸಿದ. "ಎಲ್ಲಾ ಕಿಂಡಿ ಮುಚ್ಚಿಬಿಡಯ್ಯಾ. ನಮ್ಮವ್ವನ ಮಾತು ವಾಪಸ್ ಬರಲಿ."

"ಮುಚ್ಬೋದು ಬುದ್ಧಿ. ಜಾಗಾನೂ ಆಯ್ತದೆ. ಆದ್ರೆ ಅಲ್ಲಿ ಮೊದ್ಲು ಏನಿತ್ತು ಅಂತ ಜಾಗಕ್ಕೆ ಗೊತ್ತಿರಾಕಿಲ್ಲ."

ಮುಚ್ಚಲು ಪ್ರಧಾನಿಯೂ ಬಿಡಲಿಲ್ಲ. ಇಡೀ ಹಿತ್ತಿಲಪುರದ ಮಾನ ಆ ಬೆನ್ನಿನಲ್ಲಿದೆ, ತಿರುಗಿಸಲೂ ಕೂಡದು ಎಂದ. ಬೇಕಾದರೆ ಆ ಮಾತನ್ನು ತಾನೇ ಮತ್ತೆ ಬರೆಯುತ್ತೇನೆಂದು ಸಂದಿಯೊಳಗೆ ಕೈ ತೂರಿಸಿ ಗುಂಡಿ ಒತ್ತಿದ. ಅರಸನನ್ನು ಮಗಾ ಎಂದರೆ ತಲೆ ಉಳಿಯುತ್ತದೆಯೇ? ಅದಕ್ಕೇ ಮಾರನೇ ಬೆಳಗ್ಗೆ ಪೆಟ್ಟಿಗೆ ಕೇಳಿತು: "ಮಹಾಪ್ರಭುಗಳ ಭೋಜನವಾಯಿತೇ?"

ಪ್ರಧಾನಿ ಸಂದಿಯೊಳಗೆ ಕತ್ತು ತೂರಿಸಿ ಅದನ್ನು ಗಟ್ಟಿಯಾಗಿ ಓದಿ ಹೇಳಿದ. ಡೊಳ್ಳರಾಯ ತಟ್ಟೆ ದೂಡಿದ. ಮಾರನೇ ದಿನವೂ ದೂಡಿದ. ತುತ್ತು ಗಂಟಲಿನಲ್ಲಿ ಇಳಿಯಲಿಲ್ಲ. ಡೊಳ್ಳು ಕರಗಿತು, ಕೆನ್ನೆ ಕರಗಿತು, ಹೆಸರಿಗೂ ಅವನಿಗೂ ಸಂಬಂಧ ತಪ್ಪಿತು. ಕೊನೆಗೊಂದು ದಿನ ಅವನು ಗೋಡೆಗೂ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಸಲೀಸಾಗಿ ಹಿಡಿಸಿದ.

ಅಲ್ಲಿ ಕೂತು, ಒಂದೊಂದೇ ಗುಂಡಿ ಹುಡುಕಿ ಒತ್ತಿ, "ಉಂಡ್ಯಾ ಮಗಾ" ಎಂದು ತಾನೇ ಬರೆದ. ಪೆಟ್ಟಿಗೆ ಅಚ್ಚುಕಟ್ಟಾಗಿ ಅದನ್ನೇ ಕೇಳಿತು. ಅರಸ ಬಹಳ ಹೊತ್ತು ನೋಡಿದ. ಕೇಳಿದವರು ಯಾರೆಂದು ಅವನಿಗೆ ಗೊತ್ತಿತ್ತು. ಉತ್ತರ ಒತ್ತದೆ ಅಳಿಸಿಬಿಟ್ಟ.

ಈಗಲೂ ಅವನು ಅಲ್ಲೇ ಇದ್ದಾನಂತೆ. ಈಚೆ ಕಡೆ ಊರೂರಿಂದ ಜನ ಬಂದು ಬೆನ್ನು ನೋಡಿ ತಲೆದೂಗಿ ಹೋಗುತ್ತಾರೆ. ಅರಸರೆಲ್ಲಿ ಎಂದು ಇನ್ನೂ ಯಾರೂ ಕೇಳಿಲ್ಲ.

ಈ ಕತೆಯ ನೀತಿ ಏನೆಂದರೆ, ಹಲ್ಲಿಯನ್ನು ಉಪವಾಸ ಕೆಡವಬಾರದು. ಬೇರೆ ನೀತಿ ಬೇಕಾದವರು ಹಿಂಬಾಗಿಲಿಂದ ಬಂದು ಕೇಳಿ. ನಾನು ಹೇಳಿ ಮುಗಿಸುವಾಗ ಗೋಡೆಯ ಮೇಲೆ ಲೊಚ್ ಲೊಚ್ ಎಂದಿತು. ಕತೆ ನಿಜ ಅಂತ ಅಲ್ಲ. ಅದಕ್ಕೊಂದು ಹುಳ ಸಿಕ್ಕಿತು, ಅಷ್ಟೇ.